ರಕ್ತದ ಟ್ಯೂಬು ತಲಪಾಡಿ ದಾಟುವಷ್ಟರಲ್ಲಿ

"ಸ್ತನ ಕ್ಯಾನ್ಸರ್ ಪತ್ತೆಗೆ ಇನ್ನು ಬಯಾಪ್ಸಿ ಬೇಡ, ರಕ್ತ ಕೊಟ್ಟರೆ ಸಾಕು" ಎಂಬ ವಾಟ್ಸಾಪ್ ಸಂದೇಶಗಳನ್ನು ನಮ್ಮ ಕುಂಬಳೆ, ಬದಿಯಡ್ಕದ ಗುಂಪುಗಳಿಗೆ ಕಳಿಸುವವರು ದಯವಿಟ್ಟು ಇದನ್ನು ಓದಿ.

ಗಡ್ಡೆಯ ಕೋಶಗಳು ಎಕ್ಸೋಸೋಮ್ ಎಂಬ ಪುಟ್ಟ ಪೊರೆಚೀಲಗಳನ್ನು ರಕ್ತಕ್ಕೆ ಬಿಡುವುದು ನಿಜ. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಒಳಗೆ ಮಿಆರ್-21ರಂಥ ಮೈಕ್ರೋ ಆರ್‌ಎನ್‌ಎ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಎಳೆಗಳು), ಕೆಲವು ಗಡ್ಡೆಗಳಲ್ಲಾದರೆ ಪೊರೆಯ ಮೇಲೆ ಹರ್-2 ಪ್ರೋಟೀನ್. ಇಂಥ ರಕ್ತಪರೀಕ್ಷೆ ಹುಡುಕುವುದು ಇವುಗಳನ್ನೇ. ಆದರೆ ಆರೋಗ್ಯವಂತ ಕೋಶಗಳೂ ಇಂಥ ಚೀಲ ಬಿಡುತ್ತವೆ, ಉರಿಯೂತವಿದ್ದರೂ ಮಿಆರ್-21 ಏರುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಯಂತ್ರಕ್ಕೆ ಹಾಕುವ ಮೊದಲೇ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಹೆಪಾರಿನ್, ಆರ್‌ಎನ್‌ಎ ಅಳೆಯುವ ಪಿಸಿಆರ್ ಪರೀಕ್ಷೆಯನ್ನು ತಡೆಯುತ್ತದೆ. ಹೆಪ್ಪು ತಡೆಯಲು ಇಡಿಟಿಎ ಇರುವ ನೇರಳೆ ಮುಚ್ಚಳದ್ದೋ ಸಿಟ್ರೇಟ್ ಇರುವುದೋ ಬೇಕು. ಸೀರಮ್ (ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಆದರೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೇ ರಾಶಿ ಚೀಲ ಉದುರಿಸುತ್ತವೆ. ಕೆಡದಿರಲಿ ಎಂದು ಇಡೀ ರಕ್ತವನ್ನು ಐಸ್ ಡಬ್ಬದಲ್ಲಿಟ್ಟರೂ ಅದೇ ಗತಿ, ತಣ್ಣಗಾದರೆ ಪ್ಲೇಟ್‌ಲೆಟ್ ಕೆರಳುತ್ತದೆ. ಕಾಸರಗೋಡಿನಿಂದ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿದ ಟ್ಯೂಬಿನಲ್ಲಿ ಕೆಂಪು ಕಣಗಳು ಒಡೆದಿದ್ದರೆ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿಯುವ ದ್ರವ) ನಸುಗೆಂಪಾಗುತ್ತದೆ. ಆಗ ಕೆಂಪು ಕಣಗಳೊಳಗಿನ ಮಿಆರ್-16, ಮಿಆರ್-451 ಎಂಬ ಮೈಕ್ರೋ ಆರ್‌ಎನ್‌ಎಗಳು ಕೃತಕವಾಗಿ ಏರುತ್ತವೆ. ತಮಾಷೆಯೆಂದರೆ, ಹೋಲಿಕೆಯ ಮಾನದಂಡವಾಗಿ ಹಲವು ಲ್ಯಾಬುಗಳು ಬಳಸಿದ್ದು ಇದೇ ಮಿಆರ್-16 ಅನ್ನು! ಮದುವೆ ಊಟ ಮುಗಿಸಿ ರಕ್ತ ಕೊಟ್ಟವರದ್ದು ಇನ್ನೊಂದು ಕಥೆ: ಕೊಬ್ಬಿನ ಕಣಗಳಲ್ಲಿ ಹಲವಕ್ಕೆ ಎಕ್ಸೋಸೋಮಿನಷ್ಟೇ ಗಾತ್ರ, ಎಣಿಸುವ ಯಂತ್ರಕ್ಕೆ ಎರಡೂ ಒಂದೇ.

ಹಾಗಾಗಿ ರಕ್ತ ತೆಗೆದಲ್ಲೇ, ಬೇಗನೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 2,500 ಜಿ ಬಲದಲ್ಲಿ (ಗುರುತ್ವದ 2,500 ಪಟ್ಟು) 15 ನಿಮಿಷದಂತೆ ಎರಡು ಸಲ ತಿರುಗಿಸಬೇಕು. ಪ್ಲಾಸ್ಮಾ ಹೀರುವಾಗ ಬಿಳಿಪದರದ (ಕೆಂಪು ಕಣಗಳ ಮೇಲೆ ಕೂರುವ ಬಿಳಿ ಕಣ, ಪ್ಲೇಟ್‌ಲೆಟ್‌ಗಳ ತೆಳುಪದರ) ಮೇಲೆ ಸ್ವಲ್ಪ ಬಿಟ್ಟೇ ನಿಲ್ಲಿಸಬೇಕು. ಆಸೆಪಟ್ಟು ಪೂರ್ತಿ ಎಳೆದರೆ ಪ್ಲೇಟ್‌ಲೆಟ್‌ಗಳೂ ಬಂದವೆಂದೇ ಲೆಕ್ಕ. ನಂತರ ಪ್ಲಾಸ್ಮಾವನ್ನು ಮೈನಸ್ 80 ಡಿಗ್ರಿಯಲ್ಲಿಡಬೇಕು. ರಕ್ತ ತಪಾಸಣೆ ಶಿಬಿರದ ಶಾಮಿಯಾನದಡಿ ಇಷ್ಟು ಮಾಡುವವರಿದ್ದರೆ ತೋರಿಸಿ!

ಅಕ್ಕಂದಿರೇ, ಗಂಟು ಕೈಗೆ ಸಿಕ್ಕರೆ ಮ್ಯಾಮೋಗ್ರಾಮ್ ಅಥವಾ ಅಲ್ಟ್ರಾಸೌಂಡ್, ಅನುಮಾನವಿದ್ದರೆ ಸೂಜಿ ಬಯಾಪ್ಸಿ, ಅಂದರೆ ಗಂಟಿನ ಸಣ್ಣ ತುಂಡು ತೆಗೆದು ಪರೀಕ್ಷೆ. ಅಲ್ಲೂ ನಿಗಾ ಬೇಕು: ತುಂಡು ಒಂದು ಗಂಟೆಯೊಳಗೆ 10% ಬಫರ್ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಸೆಲೈನಿನಲ್ಲೇ ಕೂತರೆ ಈಸ್ಟ್ರೋಜನ್ ರಿಸೆಪ್ಟರ್ (ಹಾರ್ಮೋನು ಅಂಟಿಕೊಳ್ಳುವ, ಚಿಕಿತ್ಸೆ ನಿರ್ಧರಿಸುವ ಪ್ರೋಟೀನ್) ಇದ್ದರೂ ಇಲ್ಲವೆಂದು ವರದಿ ಬರಬಹುದು, ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಬಾಟಲಿಯನ್ನು ಮನೆಯವರೇ ಮಂಗಳೂರಿಗೆ ಒಯ್ಯುವುದಿದ್ದರೆ, ಒಳಗಿರುವುದು ಯಾವ ದ್ರವ, ತುಂಡು ಹಾಕಿದ್ದು ಎಷ್ಟು ಗಂಟೆಗೆ ಎಂದು ಚೀಟಿಯ ಮೇಲೆ ಬರೆಸಿಕೊಂಡೇ ಹೊರಡಿ.