ಎಡ್ಗರ್ ಡೇಲ್ ಹೇಳದೇ ಇದ್ದ ಲೆಕ್ಕ

‘ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಕೈಯಾರೆ ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ’ ಎನ್ನುವ ಪಿರಮಿಡ್ ಚಿತ್ರ ಮತ್ತೆ ಓಡಾಡುತ್ತಿದೆ. ಕೆಳಗೆ ಎಡ್ಗರ್ ಡೇಲ್ ಹೆಸರು. ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಓದುವವರೂ ಇದನ್ನು ನಂಬಿ ಪ್ರಬಂಧಕ್ಕೆ ಹಾಕುತ್ತಾರೆ.

ಡೇಲ್ ಹಾಗೆ ಹೇಳಿಯೇ ಇಲ್ಲ. ಅಮೆರಿಕದ ಈ ಪ್ರೊಫೆಸರ್ 1946ರಲ್ಲಿ ‘ಅನುಭವದ ಶಂಕು’ ಎಂಬ ಚಿತ್ರ ಕೊಟ್ಟದ್ದು ನಿಜ. ತಳದಲ್ಲಿ ನೇರ ಅನುಭವ, ತುದಿಯಲ್ಲಿ ಬರೀ ಮಾತು ಮತ್ತು ಅಕ್ಷರ. ಯಾವುದು ಕಣ್ಣಿಗೆ ಕಾಣುವಂಥದ್ದು, ಯಾವುದು ಅಮೂರ್ತ ಅಂತ ಜೋಡಿಸಿದ್ದು ಅಷ್ಟೆ. ಅದರಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಎಷ್ಟು ನೆನಪಿರುತ್ತದೆ ಎಂಬ ಮಾತೂ ಅದರಲ್ಲಿರಲಿಲ್ಲ. ಇದನ್ನು ಅಕ್ಷರಶಃ ತಗೋಬೇಡಿ ಎಂದು ಅವರೇ ಎಚ್ಚರಿಸಿದ್ದರು. ಶೇಕಡಾ ಲೆಕ್ಕವನ್ನು ಬೇರೆಯವರು ಸೇರಿಸಿದ್ದು. 10, 20, 90 ಅಂತ ಇಷ್ಟು ದುಂಡಗಿನ ಸಂಖ್ಯೆ ನೋಡಿದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಕೆಲಸದ ಸ್ಥಳದ ಕಲಿಕೆಯಲ್ಲಿ ಕೇಳಿಬರುವ 70-20-10 ಸೂತ್ರದ (ಕಲಿಕೆಯ ಶೇ 70 ಕೆಲಸ ಮಾಡುತ್ತಾ, ಶೇ 20 ಬೇರೆಯವರಿಂದ, ಶೇ 10 ತರಬೇತಿಯಿಂದ ಎನ್ನುವುದು) ಕಥೆಯೂ ಸುಮಾರಾಗಿ ಇದೇ. 1980ರ ದಶಕದಲ್ಲಿ ಮ್ಯಾನೇಜರುಗಳು ತಾವು ಹೇಗೆ ಕಲಿತೆವು ಎಂದು ನೆನಪಿನಿಂದ ಹೇಳಿದ ಮಾತುಗಳೇ ಅದರ ಮೂಲ. ಅಳೆದು ನೋಡಿದ ಫಲಿತಾಂಶವಲ್ಲ.

ಮಾಡಿ ಕಲಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಚಿತ್ರ ತೋರಿಸಿ ತರಗತಿಯಲ್ಲಿ ಓದು ಕಡಿಮೆ ಮಾಡಿದರೆ ಜಾಸ್ತಿ ಪೆಟ್ಟು ಬೀಳುವುದು ಮನೆಯಲ್ಲಿ ಪುಸ್ತಕವೇ ಇಲ್ಲದ ಮಕ್ಕಳಿಗೆ. ಉಳಿದವರು ಹೇಗೋ ಮನೆಯಲ್ಲಿ ಓದಿಕೊಳ್ಳುತ್ತಾರೆ.