ಪ್ಯಾಸೇಜಿನಲ್ಲಿ ಇಲ್ಲದ್ದನ್ನು ಓದುವ ನಮ್ಮ ಮಕ್ಕಳು

ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಬರಲಿಲ್ಲ ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಕಾರಣ: "ಗ್ರಾಮರ್ ವೀಕು." ಶಿರಸಿಯ ಅಪ್ಪಂದಿರೂ ಅದನ್ನೇ ಹೇಳುತ್ತಾರೆ, ಕುಮಟಾದ ಅಮ್ಮಂದಿರೂ ಅದನ್ನೇ. ಕಾರವಾರದಲ್ಲಿ ಕೊಂಕಣಿಯಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಬ್ಯಾಂಕ್ ಪರೀಕ್ಷೆ ಬರೆಯುವ ಹುಡುಗರಿಗೆ, ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೊರಟ ಹುಡುಗಿಯರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತ ಬಂದ ನನ್ನ ಅಭಿಪ್ರಾಯ ಬೇರೆ. ಇವರಲ್ಲಿ ಹೆಚ್ಚಿನವರಿಗೆ ಪರೀಕ್ಷೆಗೆ ಬೇಕಾದಷ್ಟು ಗ್ರಾಮರ್ ಬರುತ್ತದೆ. ಬಾರದಿರುವುದು ಓದಲಿಕ್ಕೆ. ಇಂಗ್ಲಿಷ್ ಓದಲಿಕ್ಕೆ ಅಂತಲ್ಲ, ಓದಲಿಕ್ಕೇ.

ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಐಇಎಲ್‌ಟಿಎಸ್ ಎಂದರೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅದರ ರೀಡಿಂಗಿನಲ್ಲಿ ಒಂದು ಬಗೆಯ ಪ್ರಶ್ನೆ ಇದೆ. ಒಂದು ಹೇಳಿಕೆ ಕೊಡುತ್ತಾರೆ. ಪ್ಯಾಸೇಜಿನ ಪ್ರಕಾರ ಅದು ಟ್ರೂ, ಫಾಲ್ಸ್ ಅಥವಾ ನಾಟ್ ಗಿವನ್ (ಪ್ಯಾಸೇಜಿನಲ್ಲಿ ಹೇಳಿಯೇ ಇಲ್ಲ) ಎಂದು ಗುರುತಿಸಬೇಕು. ಮೊದಲೆರಡನ್ನು ಹೇಗೋ ದಾಟುತ್ತಾರೆ. ಮೂರನೆಯದರಲ್ಲಿ ಬುದ್ಧಿವಂತರೂ ಬೀಳುತ್ತಾರೆ. ಹಾಗಾಗಿ ನಾನು ಮೊದಲ ಪಾಠವನ್ನು ಕನ್ನಡದಲ್ಲೇ ಮಾಡುತ್ತೇನೆ. ಬೋರ್ಡಿನ ಮೇಲೆ ಇಷ್ಟು ಬರೆಯುತ್ತೇನೆ: "ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ." ಕೆಳಗೆ ಎರಡು ಹೇಳಿಕೆ. ಒಂದು, ಈ ಎರಡು ತಿಂಗಳು ಯಾರೂ ಕಡಲಿಗೆ ಇಳಿಯುವಂತಿಲ್ಲ. ಎರಡು, ಈ ಅವಧಿಯಲ್ಲಿ ಮೀನಿನ ದರ ಏರುತ್ತದೆ.

ಮೊದಲನೆಯದು ಫಾಲ್ಸ್, ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯದಕ್ಕೆ ಇಡೀ ಕ್ಲಾಸು ಒಕ್ಕೊರಲಿನಿಂದ "ಟ್ರೂ" ಎನ್ನುತ್ತದೆ. ಅಲ್ಲ ಅಂದರೆ ನನ್ನ ಮೇಲೇ ಜಗಳ.

"ಅಕ್ಕೋರೇ, ಜೂನ್‌ನಲ್ಲಿ ಬಂಗಡೆ ರೇಟು ಎಷ್ಟಾಗ್ತದೆ ಅಂತ ನಮ್ಮ ಆಯಿ ಹತ್ರ ಕೇಳಿ ಬೇಕಾದ್ರೆ!"

"ನಿಮ್ಮ ಆಯಿ ಹೇಳಿದ್ದು ಖರೆ ಮಾರಾಯ್ತಿ. ಆದ್ರೆ ಬೋರ್ಡಿನ ಮೇಲೆ ಎಲ್ಲಿದೆ ತೋರಿಸು."

ತೋರಿಸಲಿಕ್ಕೆ ಆಗುವುದಿಲ್ಲ. ಉತ್ತರ ನಾಟ್ ಗಿವನ್. ಈಗ ನೀವೇ ಹೇಳಿ, ಇಲ್ಲಿ ಯಾವ ಗ್ರಾಮರ್ ವೀಕು? ಯಾವ ಶಬ್ದ ಕಷ್ಟದ್ದು? ಬರೆದದ್ದು ಕನ್ನಡ, ವಿಷಯ ಮನೆಯ ಹಿತ್ತಲಿನದು. ತಪ್ಪಿದ್ದು ಅದಕ್ಕೇ. ಗೊತ್ತಿರುವುದು ಹೆಚ್ಚಾಗಿ, ಕಾಗದದ ಮೇಲಿದ್ದದ್ದು ಕಣ್ಣಿಗೆ ಬೀಳಲಿಲ್ಲ.

ನಮ್ಮ ಮಕ್ಕಳಿಗೆ ಈ ರೋಗ ಜಾಸ್ತಿ ಎಂದು ನನಗೆ ಅನುಮಾನ. ಅದಕ್ಕೆ ಕಾರಣವೂ ಹೊಳೆದಿದೆ. ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಊರು ಇದು. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅರ್ಥಧಾರಿ ಅದರ ಮೇಲೆ ಅರ್ಧ ತಾಸು ಮಾತಾಡುತ್ತಾನೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಲ್ಲಿ ಪದ್ಯದಲ್ಲಿ ಇದ್ದದ್ದು ಎಷ್ಟು, ವಾಲಿಯಾದವನು ಕಟ್ಟಿದ್ದು ಎಷ್ಟು? ಪದ್ಯದಲ್ಲಿ ಇಲ್ಲದ್ದನ್ನು ಎಷ್ಟು ಚೆಂದ ಹೇಳಿದ ಎಂಬುದರ ಮೇಲೇ ನಾವು ಅವನನ್ನು ಅಳೆಯುವುದು. ಸಿದ್ದಾಪುರ, ಯಲ್ಲಾಪುರ ಕಡೆಯ ಮಕ್ಕಳು ಇಂಥ ವಾದವನ್ನು ರಾತ್ರಿಯಿಡೀ ಕೂತು ಹಿಡಿದಿಟ್ಟುಕೊಳ್ಳಬಲ್ಲರು. ಸಣ್ಣ ಶಕ್ತಿಯಲ್ಲ ಅದು. ಪರೀಕ್ಷೆ ಕೇಳುವುದು ಮಾತ್ರ ಉಲ್ಟಾ ಕೆಲಸ: ಅರ್ಥ ಬದಿಗಿಡು, ಪದ್ಯ ಎಷ್ಟಿದೆಯೋ ಅಷ್ಟೇ ಹೇಳು. ತಾಳಮದ್ದಳೆ ಬಿಡಿ ಎನ್ನುತ್ತಿಲ್ಲ ನಾನು. ಎರಡೂ ಬರಬೇಕು. ಯಾವಾಗ ಯಾವುದು ಎಂದು ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡುವವರು ಯಾರು? ಟೆಲಿಗ್ರಾಮಿನಲ್ಲಿ ಸಿಗುವುದು ಪಿಡಿಎಫ್. "ಬ್ಯಾಂಕ್ ಪರೀಕ್ಷೆಗೆ ಸಾವಿರ ಶಬ್ದ", "ಎರರ್ ಸ್ಪಾಟಿಂಗ್‌ಗೆ ನೂರು ರೂಲು". ಯೂಟ್ಯೂಬಿನವರು ಇನ್ನೂ ಒಂದು ಹೆಜ್ಜೆ ಮುಂದೆ: ಪ್ಯಾಸೇಜ್ ಓದಲೇಬೇಡಿ, ಪ್ರಶ್ನೆಯಲ್ಲಿರುವ ಕೀವರ್ಡ್ ಹಿಡಿದು ಪ್ಯಾಸೇಜಿನಲ್ಲಿ ಹುಡುಕಿ, ಸಿಕ್ಕ ಸಾಲಿನಲ್ಲಿ ಉತ್ತರ. ಈ ಉಪದೇಶ ಎಷ್ಟು ಜನರನ್ನು ಹಾಳು ಮಾಡಿದೆಯೋ. ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಪ್ರಶ್ನೆ ಬರೆಯುವವರು ಪ್ಯಾಸೇಜಿನ ಶಬ್ದವನ್ನು ಪ್ರಶ್ನೆಯಲ್ಲಿ ಬೇಕೆಂದೇ ಬದಲಿಸುತ್ತಾರೆ. ಪ್ಯಾಸೇಜಿನಲ್ಲಿ "ಬೆಲೆ ಇಳಿಯಿತು" ಎಂದಿದ್ದರೆ ಪ್ರಶ್ನೆಯಲ್ಲಿ "ಅಗ್ಗವಾಯಿತು" ಎಂದಿರುತ್ತದೆ. ಅದೇ ಶಬ್ದ ಕಂಡರೆ ಹಿಗ್ಗಬೇಡಿ, ಅದು ಎಷ್ಟೋ ಸಲ ತಪ್ಪು ಆಯ್ಕೆಗೆ ಎಳೆಯಲು ಇಟ್ಟದ್ದು.

ಸಮಯ ಕಡಿಮೆ ಎಂಬ ದೂರನ್ನು ಒಪ್ಪುತ್ತೇನೆ. ಐಇಎಲ್‌ಟಿಎಸ್ ಅಕಾಡೆಮಿಕ್ ರೀಡಿಂಗಿನಲ್ಲಿ ಮೂರು ಪ್ಯಾಸೇಜು, 40 ಪ್ರಶ್ನೆ, 60 ನಿಮಿಷ. ಬ್ಯಾಂಕ್ ನೇಮಕದ ಐಬಿಪಿಎಸ್ ಪ್ರಿಲಿಮ್ಸ್ ಇಂಗ್ಲಿಷಿನಲ್ಲಿ 30 ಪ್ರಶ್ನೆಗೆ 20 ನಿಮಿಷ, ತಪ್ಪಿದರೆ ಕಾಲು ಅಂಕ ಕಟ್. ನರ್ಸುಗಳು ಬರೆಯುವ ಒಇಟಿಯ ಪಾರ್ಟ್ ಎ ಅಂತೂ ಓಟದ ಪಂದ್ಯವೇ: ಒಂದೇ ವಿಷಯದ ಮೇಲೆ ನಾಲ್ಕು ಚಿಕ್ಕ ಬರಹ, 20 ಪ್ರಶ್ನೆ, 15 ನಿಮಿಷ. ಆ ಕಾಗದ ಹಿಂದೆ ತೆಗೆದುಕೊಂಡ ಮೇಲೇ ಮುಂದಿನ 22 ಪ್ರಶ್ನೆ. ಆದರೆ ವೇಗ ಬರುವುದು ಹೇಗೆ? ಗಡಿಯಾರ ಇಟ್ಟುಕೊಂಡು ಮಾಕ್ ಟೆಸ್ಟಿನ ಮೇಲೆ ಮಾಕ್ ಟೆಸ್ಟ್ ಬರೆದರೆ ನಿಮಗೆ ಎಷ್ಟು ವೇಗ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ವೇಗ ಬೆಳೆಯುವುದು ಗಡಿಯಾರ ಇಲ್ಲದೆ ಓದಿದ ದಿನಗಳಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಹುಡುಗರಿಗೆ ಹಿಡಿಸುವುದಿಲ್ಲ. ಮಾಕ್ ಟೆಸ್ಟಿಗೆ ಒಂದು ಸ್ಕೋರು ಬರುತ್ತದೆ, ಸ್ಟೇಟಸ್ ಹಾಕಬಹುದು. ಓದಿದ್ದಕ್ಕೆ ಸ್ಕೋರು ಎಲ್ಲಿಂದ ತರುವುದು?

ಶಬ್ದಗಳ ವಿಷಯಕ್ಕೆ ಬರೋಣ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷರವ 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ. ಬಂಗಾಳಿ ಮಕ್ಕಳನ್ನು ನೋಡಿ ಅವನು ಕಂಡುಕೊಂಡದ್ದು: ಇವರಲ್ಲಿ ಬಹಳ ಜನ ಅರ್ಧಕ್ಕೆ ಶಾಲೆ ಬಿಡುತ್ತಾರೆ, ಹಾಗೆ ಬಿಟ್ಟರೂ ಕೈಯಲ್ಲಿ ಉಳಿಯುವಂಥದ್ದನ್ನು ಮೊದಲು ಕಲಿಸಬೇಕು, ಅದು ಓದು. ಅದಕ್ಕಾಗಿ ಅವನು ಸುಲಭ ಶಬ್ದಗಳ ಪುಸ್ತಕ ಮಾಡಿದ. 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಶಬ್ದಗಳ ಪಟ್ಟಿಯೊಂದನ್ನು ಹೊರತಂದ. 2000ದಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ ಅದರ ಮೇಲೆ ಇನ್ನೊಂದು ಪಟ್ಟಿ ಕಟ್ಟಿದರು, ವಿದ್ಯಾಭ್ಯಾಸದ ಬರಹಗಳಲ್ಲಿ ಪದೇ ಪದೇ ಬರುವ 570 ಶಬ್ದ ಕುಟುಂಬಗಳದ್ದು (ಒಂದೇ ಮೂಲದ ಶಬ್ದಗಳ ಗುಂಪಿಗೆ ಒಂದು ಕುಟುಂಬ). ಈ ಎರಡೂ ಪಟ್ಟಿ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮವರು ಅದನ್ನು ಬಿಟ್ಟು ಯಾರೂ ಆಡದ, ಯಾರೂ ಬರೆಯದ ಶಬ್ದ ಉರು ಹೊಡೆಯುತ್ತಾರೆ. ಒಬ್ಬ ಹುಡುಗ "ಪರ್ಸ್ಪಿಕೇಷಿಯಸ್" ಅರ್ಥ ನಿದ್ದೆಯಲ್ಲೂ ಹೇಳುತ್ತಾನೆ. ಅವನಿಗೆ "ಅನ್‌ಲೆಸ್" ಇರುವ ವಾಕ್ಯ ಕೊಟ್ಟರೆ ಅರ್ಥ ಉಲ್ಟಾ ಮಾಡಿಕೊಳ್ಳುತ್ತಾನೆ. "ಡಿಸ್ಪೈಟ್", "ವೇರ್‌ಆ್ಯಸ್", "ಹಾರ್ಡ್ಲಿ", "ರಾದರ್ ದ್ಯಾನ್" ಇವೆಲ್ಲ ಸಣ್ಣ ಶಬ್ದ ಎಂದು ಕಣ್ಣು ಜಾರಿಸಿಬಿಡುತ್ತಾನೆ. ಪ್ಯಾಸೇಜಿನ ವಾದ ತಿರುಗುವುದೇ ಅಲ್ಲಿ, ಪ್ರಶ್ನೆ ಹುಟ್ಟುವುದೂ ಅಲ್ಲಿಯೇ.

ಓದುವಾಗ ನೂರು ಶಬ್ದಕ್ಕೆ ಒಂದೆರಡು ಮಾತ್ರ ಅಪರಿಚಿತ ಆಗಿದ್ದರೆ ಯಾರ ಸಹಾಯವೂ ಇಲ್ಲದೆ ಅರ್ಥವಾಗುತ್ತದೆ ಎಂದು ಭಾಷಾ ಸಂಶೋಧಕ ಪಾಲ್ ನೇಶನ್ ಮತ್ತು ಜೊತೆಯವರ ಸಂಶೋಧನೆ ಹೇಳುತ್ತದೆ. ಸಾಲಿಗೆ ನಾಲ್ಕು ಸಲ ಡಿಕ್ಷನರಿ ತೆರೆಯಬೇಕಾದ ಇಂಗ್ಲಿಷ್ ಪತ್ರಿಕೆಯ ಎಡಿಟೋರಿಯಲ್ ಹಿಡಿದು ಕೂತವರು ಇದನ್ನು ಗಮನಿಸಿ. "ದಿನಾ ಎಡಿಟೋರಿಯಲ್ ಓದು" ಎನ್ನುವ ಸಲಹೆ ಎಲ್ಲರಿಗೂ ಅಲ್ಲ. ನಿಮ್ಮ ಮಟ್ಟಕ್ಕಿಂತ ತುಸುವೇ ಮೇಲಿರುವುದನ್ನು ಹೆಚ್ಚು ಓದಿ. ಮಕ್ಕಳ ಕಥೆ ಆದರೂ ನಾಚಿಕೆಯಿಲ್ಲ.

ಗ್ರಾಮರ್ ಬೇಡವೇ? ಬೇಕು. ಆದರೆ ಯಾವುದು ಬೇಕೋ ಅದು. "ಒನ್ ಆಫ್ ದಿ ಸ್ಟೂಡೆಂಟ್ಸ್ ಈಸ್", "ಡಿಸ್ಕಸ್" ಮುಂದೆ "ಅಬೌಟ್" ಬೇಡ, ಇಂಥದ್ದು ಬ್ಯಾಂಕ್ ಪರೀಕ್ಷೆಯವರು ತಿರುಗಿಸಿ ಮುರುಗಿಸಿ ಕೇಳುವುದು ಒಂದು ಹಿಡಿಯಷ್ಟು, ಕೆಲವು ವಾರದಲ್ಲಿ ಮುಗಿಯುತ್ತದೆ. ಎ, ಆ್ಯನ್, ದಿ ನಮ್ಮ ಭಾಷೆಯಲ್ಲಿ ಇಲ್ಲದ ಸಂಗತಿ, ಅದಕ್ಕೆ ಓದಿ ಓದಿ ಕಿವಿ ಪಳಗಬೇಕು, ರೂಲಿನಿಂದ ಅರ್ಧವಷ್ಟೇ ಬರುತ್ತದೆ. ನಿಜವಾದ ತೊಡಕು ಬೇರೆ ಇದೆ, ಅದನ್ನು ಗ್ರಾಮರ್ ಪುಸ್ತಕಗಳು ಕನ್ನಡದವರಿಗೆ ಎಂದು ಬಿಡಿಸಿ ಹೇಳುವುದಿಲ್ಲ.

ಈ ವಾಕ್ಯ ನೋಡಿ: "ದಿ ಬೋಟ್ ದಿ ಮ್ಯಾನ್ ಫ್ರಮ್ ತದಡಿ ಬಾಟ್ ಲಾಸ್ಟ್ ಇಯರ್ ಹ್ಯಾಸ್ ಸಂಕ್." ಮುಳುಗಿದ್ದು ಯಾರು? ಪ್ರತಿ ಬ್ಯಾಚಿನಲ್ಲೂ ತದಡಿಯ ಆ ಬಡಪಾಯಿಯನ್ನು ಕೆಲವರಾದರೂ ಮುಳುಗಿಸುತ್ತಾರೆ. ಕನ್ನಡದಲ್ಲಿ "ತದಡಿಯವ ಹೋದ ವರ್ಷ ಕೊಂಡ ದೋಣಿ ಮುಳುಗಿದೆ" ಎನ್ನುತ್ತೇವೆ. ವಿಶೇಷಣವೆಲ್ಲ ಮುಂಚೆ ಬಂದು, ದೋಣಿ ಬಂದು, ಕೊನೆಗೆ ಕ್ರಿಯಾಪದ. ದೋಣಿಯೂ ಮುಳುಗಿದ್ದೂ ಅಕ್ಕಪಕ್ಕ ಇರುತ್ತವೆ. ಇಂಗ್ಲಿಷಿನಲ್ಲಿ ದೋಣಿ ಮೊದಲೇ ಬಂದು ಕೂತಿದೆ, ಅದರ ಕಥೆಯೆಲ್ಲ ಹಿಂದೆ ಬಾಲವಾಗಿ ಬಂದಿದೆ, ಮುಳುಗಿದ್ದು ಎಲ್ಲೋ ಕೊನೆಯಲ್ಲಿದೆ. ಕಣ್ಣು ಹತ್ತಿರದ "ಮ್ಯಾನ್"ಗೆ ಅಂಟಿಕೊಳ್ಳುತ್ತದೆ. ಉದ್ದ ವಾಕ್ಯ ಕಂಡಾಗ ಪೆನ್ಸಿಲ್ ಹಿಡಿದು ಮುಖ್ಯ ಕ್ರಿಯಾಪದಕ್ಕೆ ಒಂದು ಗೆರೆ, ಅದರ ಕರ್ತೃವಿಗೆ ಇನ್ನೊಂದು ಗೆರೆ, ನಡುವಿನದಕ್ಕೆ ಬ್ರಾಕೆಟ್. ದಿನಕ್ಕೆ ಒಂದು ಪುಟ ಹೀಗೆ ಮಾಡಿದರೆ ಸಾಕು. ನನ್ನ ಮಟ್ಟಿಗೆ ಗ್ರಾಮರ್ ಪ್ರ್ಯಾಕ್ಟೀಸ್ ಅಂದರೆ ಇದು. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಟಿಕ್ ಹಾಕುವುದು ಅಲ್ಲ.

ಗ್ರಾಮರ್ ಪಾಠ ಮಾಡದೆಯೇ ಗ್ರಾಮರ್ ಬರುತ್ತದೋ ಎಂದು ನಮ್ಮ ದಕ್ಷಿಣ ಭಾರತದ ಶಾಲೆಗಳಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ "ಬೆಂಗಳೂರು ಪ್ರಾಜೆಕ್ಟ್" ಜಗತ್ತಿನ ಭಾಷಾ ಶಿಕ್ಷಕರಿಗೆಲ್ಲ ಗೊತ್ತು, ನಮಗೇ ಗೊತ್ತಿಲ್ಲ. ಮಕ್ಕಳಿಗೆ ರೈಲಿನ ಟೈಮ್‌ಟೇಬಲ್, ನಕ್ಷೆ ಇಂಥದ್ದನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಗಮನವೆಲ್ಲ ಅರ್ಥದ ಮೇಲೆ ಇದ್ದಾಗ ಭಾಷೆಯ ನಿಯಮ ಒಳಗೊಳಗೇ ಕೂಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಮೂರು ತಿಂಗಳಲ್ಲಿ ಪರೀಕ್ಷೆ ಇರುವವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆದರೂ ಕೊಂಕಣ ರೈಲ್ವೆಯ ಇಂಗ್ಲಿಷ್ ಟೈಮ್‌ಟೇಬಲ್ ಹಿಡಿದು "ಮುರುಡೇಶ್ವರದಿಂದ ಹೊರಟು ಮಧ್ಯಾಹ್ನದೊಳಗೆ ಮಡಗಾಂವ್ ಮುಟ್ಟಬೇಕು, ಭಾನುವಾರ ಯಾವ ಗಾಡಿ?" ಎಂದು ಕೇಳಿದ ದಿನ ಕ್ಲಾಸಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್ ರೀಡಿಂಗಿನ ಮೊದಲ ಭಾಗದಲ್ಲಿ ಬರುವುದೂ ಇಂಥವೇ: ನೋಟಿಸು, ಜಾಹೀರಾತು, ಟೈಮ್‌ಟೇಬಲ್.

ಕನ್ನಡ ಮೀಡಿಯಂ ಎಂದು ಕುಗ್ಗುವವರಿಗೆ ಒಂದು ಮಾತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಪಟಪಟ ಮಾತಾಡುವ ಮಕ್ಕಳೂ ನನ್ನಲ್ಲಿಗೆ ಬರುತ್ತಾರೆ, ಬೋರ್ಡಿನ ಮೇಲಿನ ಮೀನಿನ ಪ್ರಶ್ನೆಗೆ ಅವರ ಉತ್ತರವೂ "ಟ್ರೂ". ಅವರಿಗೆ ಇಂಗ್ಲಿಷ್ ಬರುತ್ತದೆ, ಎರಡು ಪುಟ ಒಂದೇ ಉಸಿರಿಗೆ ಓದಿದ ಅಭ್ಯಾಸ ಯಾವ ಭಾಷೆಯಲ್ಲೂ ಇಲ್ಲ. ಬದಲಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಎಂದು ಬೆಳೆದ ಕಾರವಾರದ ಹುಡುಗಿ, ವಾರಕ್ಕೊಂದು ಕಾದಂಬರಿ ಓದುವವಳು, ಇಂಗ್ಲಿಷಿನಲ್ಲಿ ತಡವರಿಸುತ್ತಲೇ ಮುಂದೆ ಹೋಗುತ್ತಾಳೆ. ಅಂದಹಾಗೆ ಬ್ರಿಟಿಷರ ಕಾಲದ ನಾಗರಿಕ ಸೇವೆಯ ಪರೀಕ್ಷೆ ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರು ನಮ್ಮ ಕಾರವಾರದಲ್ಲೇ ಜಡ್ಜ್ ಆಗಿದ್ದವರು. ಲಂಡನ್ನಿಗೆ ಹೋಗಿ, ಪರರ ಭಾಷೆಯಲ್ಲಿ, ಪರರ ಮಕ್ಕಳ ಜೊತೆ 1863ರಲ್ಲಿ ಬರೆದ ಪರೀಕ್ಷೆ ಅದು. ಬೀಚಿಗೆ ತಮ್ಮನಾದ ರವೀಂದ್ರನಾಥರ ಹೆಸರು ಇಟ್ಟಿದ್ದೇವೆ, ಅಣ್ಣನ ನೆನಪು ಯಾರಿಗೂ ಇಲ್ಲ.

ಹಾಗಾಗಿ ಪಾಲಕರು "ಅಕ್ಕೋರೇ, ಯಾವ ಗ್ರಾಮರ್ ಪುಸ್ತಕ ಕೊಡಿಸಲಿ?" ಎಂದು ಕೇಳಿದರೆ ನಾನು ಮೊದಲು ಕೇಳುವುದು ಮನೆಗೆ ಕನ್ನಡ ಪೇಪರು ಬರುತ್ತದೆಯೇ ಎಂದು. ಕೆಲವರಿಗೆ ಅವಮಾನ ಆದಂತಾಗುತ್ತದೆ. ಐಇಎಲ್‌ಟಿಎಸ್‌ಗೆ ಒಂದು ಸಲ ಕೂರಲು ಹದಿನೈದು ಸಾವಿರಕ್ಕೂ ಮಿಕ್ಕಿ ಫೀಸು, ಬಂದ ರಿಸಲ್ಟಿಗೆ ಎರಡೇ ವರ್ಷ ಆಯುಷ್ಯ. ಅಷ್ಟು ದುಡ್ಡು ಸುರಿಯುವ ಮೊದಲು ಸಂಪಾದಕೀಯ ಒಂದನ್ನು ಓದಿಸಿ, ಬರೆದವರು ಏನು ಹೇಳಿದರು, ಏನು ಹೇಳಲಿಲ್ಲ ಎಂದು ಮಗಳನ್ನು ಕೇಳಿ ನೋಡಿ. ಖರ್ಚು ಒಂದು ಪೇಪರಿನ ದುಡ್ಡು, ಅಷ್ಟೇ.

ಇನ್ನು ಬ್ಯಾಂಕಿನವರಿಗೆ. ಕ್ಲರ್ಕ್ ಪರೀಕ್ಷೆಯ ಲೆಕ್ಕ, ರೀಸನಿಂಗ್ ಕನ್ನಡದಲ್ಲೂ ಬರುತ್ತದೆ, ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ, ಅದನ್ನು ಹಾರಿಸಲಿಕ್ಕೆ ಆಗುವುದಿಲ್ಲ. ನೋಟಿಫಿಕೇಶನ್ ಬಂದ ಕೂಡಲೇ ಗ್ರೂಪಿನಲ್ಲಿ ಶುರು: "ಏಜ್ ಲಿಮಿಟ್ ಎಷ್ಟು?", "ಫೈನಲ್ ಇಯರ್‌ನವರು ಹಾಕಬಹುದಾ?", "ಹುಬ್ಬಳ್ಳಿ ಸೆಂಟರ್ ಇದ್ಯಾ?" ಎಲ್ಲದಕ್ಕೂ ಉತ್ತರ ಆ ಪಿಡಿಎಫ್‌ನಲ್ಲೇ ಇದೆ, ಇಂಗ್ಲಿಷಿನಲ್ಲಿ, "ಪ್ರೊವೈಡೆಡ್ ದಟ್", "ಅನ್‌ಲೆಸ್", "ಆ್ಯಸ್ ಆನ್" ಎಲ್ಲ ಸೇರಿ. ಇಷ್ಟು ಒಳ್ಳೆಯ ಪ್ಯಾಸೇಜು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಈ ಸಲದ್ದರ ಮೇಲೆ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆ ತೆಗೆದಿಟ್ಟಿದ್ದೇನೆ. ಶನಿವಾರ ಸಂಜೆ ಬನ್ನಿ, ಫೀಸಿಲ್ಲ. ಪ್ರಿಂಟ್ ತೆಗೆಸಿಕೊಂಡು, ಪೆನ್ಸಿಲ್ ಹಿಡಿದುಕೊಂಡು ಬನ್ನಿ. ಮೊಬೈಲಿನಲ್ಲಿ ಓದುತ್ತೇನೆ ಎನ್ನುವವರನ್ನು ಒಳಗೆ ಬಿಡುವುದಿಲ್ಲ.