ನಮ್ಮ ತಾತನೂ ಬೇಟೆ ಆಡುತ್ತಿದ್ದರು
ಜನ ಬೇಟೆಗೆ ಹೋಗುವುದು ಮಾಂಸಕ್ಕಿಂತ ಜಾಸ್ತಿ ಕಾಡಿನ ನಂಟಿಗೆ ಅಂತ ಬರೆದಿದ್ದೀರಿ. ನಿಜ. ಸಂಡೂರು ಕಡೆಯ ನಮ್ಮ ತಾತ ಮೊಲ, ಕೌಜುಗ ಹಿಡಿಯುತ್ತಿದ್ದರು. ಆದರೆ ಅವರು ಹೇಳುತ್ತಿದ್ದ ಕತೆಗಳಲ್ಲಿ ಮಾಂಸದ ಮಾತೇ ಇರುತ್ತಿರಲಿಲ್ಲ. ಮಂಜಿಗೆ ಒದ್ದೆಯಾದ ಕಂಬಳಿಯ ವಾಸನೆ, ಕೆಂಪು ಮಣ್ಣಿನ ಮೇಲಿನ ಹೆಜ್ಜೆ ಮುಟ್ಟಿ ನೋಡಿ ‘ಇದು ರಾತ್ರಿದು, ಇದು ಈಗಿಂದು’ ಅನ್ನುವುದು, ಇಂಥವೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಲೆ ಅಟ್ಟ ಸೇರಿತು. ಗುಡ್ಡ ಹತ್ತುವುದನ್ನು ಮಾತ್ರ ಅವರು ಬಿಡಲಿಲ್ಲ.

ಕೊನೆಗಾಲದಲ್ಲಿ ಒಮ್ಮೆ ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. 1994ರಲ್ಲಿ ಆದ ಧಾಮ ಅದು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ. ಸಂಜೆ ತಾಯಿ ಕರಡಿಯೊಂದು ಬೆನ್ನ ಮೇಲೆ ಎರಡು ಮರಿ ಹೊತ್ತು ಮೆಲ್ಲಗೆ ಇಳಿದು ಬಂತು. ತಾತ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡರು. ಕರಡಿ ಬಂಡೆ ನೆಕ್ಕಿ ಮುಗಿಸುವ ತನಕ ಬಿಡಲಿಲ್ಲ. ಕಣ್ಣು ತುಂಬಿತ್ತು. ಅವರು ಬೇಟೆಗೆ ಯಾಕೆ ಹೋಗುತ್ತಿದ್ದರು ಅಂತ ನನಗೆ ಅವತ್ತು ಗೊತ್ತಾಯಿತು.

ನಮ್ಮ ಕಡೆ ಕೆಲವು ಹುಡುಗರು ಈಗಲೂ ರಾತ್ರಿ ಟಾರ್ಚ್ ಹಿಡಿದು ಮೊಲಕ್ಕೆ ಹೋಗುತ್ತಾರೆ. ಬೇಡ ತಮ್ಮಂದಿರಾ. ಒಂದು ಸಂಜೆ ದರೋಜಿಗೆ ಬನ್ನಿ, ಬೈನಾಕ್ಯುಲರ್ ನಾನು ತರುತ್ತೇನೆ.